ಅವ್ವ ಕೇಳಿದ ಇಂಜಿನ್

ಅಪ್ಪ ಭಾಲ್ಕಿ ಕಡೆಯ ಕಾರಂಜಾ ಹಿನ್ನೀರಿನಲ್ಲಿ ದೋಣಿ ನಡೆಸುತ್ತಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷ. ದೋಣಿಯ ಹಳೆಯ ಡೀಸೆಲ್ ಇಂಜಿನ್ ಬೀದರಿನ ಮೈಲೂರಿನ ನಮ್ಮ ಹಿತ್ತಲಲ್ಲಿ ತುಕ್ಕು ಹಿಡಿದಿತ್ತು. ಅವ್ವ ಶಾಲುಬಾಯಿಗೆ ಕಿವಿ ಮಂದವಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಅದರ ಸದ್ದನ್ನು ಒಮ್ಮೆ ಕೇಳಬೇಕೆಂದಳು. ಅದಕ್ಕಾಗಿಯೇ ಡಿಸೆಂಬರಿನಲ್ಲಿ ಅಪ್ಪನ ತಮ್ಮ ಕಾಶೀರಾಮ ಕಾಕಾ ಮತ್ತು ನಾನು ಅದನ್ನು ಬಿಚ್ಚಿದೆವು.

ಮೂರನೆಯ ದಿನ ಮಧ್ಯಾಹ್ನ ನಾನು ಪಿಸ್ಟನ್ನನ್ನು ಮಡಿಲಲ್ಲಿಟ್ಟುಕೊಂಡು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಅವ್ವನ ಬೆರಳುಗಳು ತೊಡೆಯ ಮೇಲೆ ಒಂದೇ ಸಮನೆ ಬಡಿಯುತ್ತಿದ್ದವು. ಆಮೇಲೆ ನಿಂತವು.

"ಬಂದ್ ಆಯ್ತಲ್ಲ, ನೀರು ಬಿಡ್ರಿ. ಇಲ್ಲಾಂದ್ರ ಜಂಗ್ ಹಿಡಿತದ," ಎಂದಳು.

ಇಂಜಿನ್ನನ್ನು ತಂಪಾಗಿಡಲು ಒಳಗೆ ಹರಿಸಿದ ಹಿನ್ನೀರನ್ನು, ಅದು ನಿಂತೊಡನೆ ತುಕ್ಕು ಹಿಡಿಯದಂತೆ ಬಸಿದುಬಿಡುವುದು ಅಪ್ಪನ ರೂಢಿ.

ಕಾಕಾ ನಕ್ಕರು. "ವೈನಿ, ಅದರ ಕರುಳ ಇನ್ನಾ ಹೊರಗ ಬಿದ್ದಾವ್ರಿ. ಚಾಲೂ ಹ್ಯಾಂಗ ಆಗ್ತದ?"

ಅವ್ವನಿಗೆ ಕೇಳಿಸಲಿಲ್ಲ. "ಎಷ್ಟ ಚಂದ ನಡೀತು," ಎಂದು ಕಣ್ಣೊರೆಸಿಕೊಂಡಳು.

ಅವಳ ಸಮಾಧಾನಕ್ಕೆಂದು ಕಾಕಾ ಇಂಜಿನ್ನಿನ ಕೆಳಗಿನ ನಲ್ಲಿ ತಿರುಗಿಸಿದರು. ಪಾಚಿಯ ವಾಸನೆಯ ನೀರು ಬಂತು. ಅವರು ಕೈ ಕೊಡವಿಕೊಂಡು ಹಿಂದೆ ಸರಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ನಾವು ಅದಕ್ಕೆ ನೀರು ಹಾಕಿರಲಿಲ್ಲ. ಪಿಸ್ಟನ್ ನನ್ನ ಮಡಿಲಲ್ಲೇ ಇತ್ತು, ತಣ್ಣಗೆ.

ಜನವರಿಯಲ್ಲಿ ಇಂಜಿನ್ ಕೊನೆಗೂ ಶುರುವಾದಾಗ ಅವ್ವನ ಕಿವಿ ಪೂರ್ತಿ ಹೋಗಿತ್ತು. ಅವಳು ಹಿತ್ತಲಿಗೂ ಬರಲಿಲ್ಲ. ಇಂಜಿನ್ ನಿಲ್ಲಿಸಿ ನೀರು ಬಿಟ್ಟೆವು. ಆ ನೀರಿಗೆ ಯಾವ ವಾಸನೆಯೂ ಇರಲಿಲ್ಲ.