ಕೇಳದೆ ಬಿಟ್ಟ ಪ್ರಶ್ನೆ

"ಇವರು ಬಕ್ಕೇಶ್. ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿ, ಈಗ ದಾವಣಗೆರೆಯಲ್ಲೇ ವಕೀಲರು. ನಿಮ್ಮ ಅಣಕು ವಿಚಾರಣೆಗೆ ಇವರೇ ತರಬೇತಿ ಕೊಡ್ತಾರೆ."

ಭಾಗ್ಯಲಕ್ಷ್ಮಿ ಮೇಡಂ ಹೀಗೆ ಪರಿಚಯ ಮಾಡಿಕೊಡುತ್ತಿದ್ದರೆ, ಕಾನೂನು ಪದವಿಯ ಕೊನೇ ವರ್ಷದ ತರಗತಿಯೆಲ್ಲ ತಲೆಯೆತ್ತಿ ನೋಡಿತು.

ಸುಧಾ ಮಾತ್ರ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅದೇ ಮುಖ!

ಎಡಗೆನ್ನೆಯ ಮೇಲಿನ ಆ ಸಣ್ಣ ಮಚ್ಚೆ, ಸ್ವಲ್ಪ ಬಗ್ಗಿದ ಆ ಭುಜ... ಮರೆಯುವುದಾದರೂ ಹೇಗೆ?

ನಮಸ್ಕಾರಕ್ಕೆಂದು ಎತ್ತಿದ ಅವನ ಕೈಗಳು ಅವಳನ್ನು ಕಂಡದ್ದೇ ಅರ್ಧಕ್ಕೆ ನಿಂತವು. ಮುಖದ ಮೇಲಿದ್ದ ನಗು ಹಾಗೇ ಇಳಿದುಹೋಯಿತು.

'ಗುರುತು ಹಿಡಿದ...' ಸುಧಾ ತಲೆ ತಗ್ಗಿಸಿ ಪುಸ್ತಕ ತೆರೆದಳು.

ಈ ಕಾಲೇಜಿಗೆ ಸೇರುವ ಮುಂಚೆ ಸುಧಾ ಕೋರ್ಟು ಕಂಡಿದ್ದು ವಿದ್ಯಾರ್ಥಿನಿಯಾಗಿ ಅಲ್ಲ. ಕಟಕಟೆಯಲ್ಲಿ ನಿಂತು.

ಹರಿಹರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಬಂಗಾರಪ್ಪನವರ ಒಬ್ಬಳೇ ಮಗಳು ಅವಳು. ತಾಯಿ ತೀರಿಕೊಂಡ ಮೇಲೆ ಅಪ್ಪ ಅವಸರದಲ್ಲೇ ಮದುವೆ ಮಾಡಿದ್ದರು. ಗಂಡನಿಗೆ ಅವಳ ಸಂಬಳ ಬೇಕಿತ್ತು, ಅವಳು ಕೆಲಸಕ್ಕೆ ಹೋಗುವುದು ಬೇಡವಿತ್ತು. ಕೊನೆಗೆ ಅವನೇ ವಿಚ್ಛೇದನಕ್ಕೆ ಅರ್ಜಿ ಹಾಕಿದ.

ಆ ದಿನ ಅವನ ಪರ ವಕೀಲರು ಕೇಳಿದ ಪ್ರಶ್ನೆ ಅವಳಿಗೆ ಅಕ್ಷರಶಃ ನೆನಪಿದೆ.

"ಔಷಧಿ ಅಂಗಡಿ ಕೆಲಸ ಮುಗಿಸಿ ತಡವಾಗಿ ಬರ್ತಿದ್ರಲ್ಲಮ್ಮಾ, ಮನೆತನಕ ಬಿಡೋಕೆ ಯಾರು ಬರ್ತಿದ್ರು? ದಿನಾ ಒಬ್ಬರೇನಾ... ಬೇರೆಬೇರೆಯವರಾ?"

ಸರದಿಗಾಗಿ ಕಾಯುತ್ತಿದ್ದ ಕರಿಕೋಟುಗಳ ನಡುವೆ ನಗು ಹರಿದಾಡಿತು. ವಕೀಲರ ಪಕ್ಕದಲ್ಲಿ ಫೈಲು ಹಿಡಿದು ಕೂತಿದ್ದ ಜೂನಿಯರ್ ಕೂಡ ನಕ್ಕ. ಅವನೇ ಈ ಬಕ್ಕೇಶ್!

ಅವಳು ಬರುತ್ತಿದ್ದುದು ಸಿಟಿ ಬಸ್ಸಿನಲ್ಲಿ. ಅಷ್ಟನ್ನು ಹೇಳಿದ್ದರೆ ಸಾಕಿತ್ತು. ಆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ವಿಚ್ಛೇದನ ಸಿಕ್ಕಿತು. ಗಂಡನಿಂದ ಬಿಡುಗಡೆಯಾಯಿತು, ಆ ನಗುವಿನಿಂದ ಮಾತ್ರ ಆಗಲಿಲ್ಲ.

"ಅಪ್ಪಾ, ನಾನು ಲಾ ಓದ್ತೀನಿ" ಎಂದಾಗ ಬಂಗಾರಪ್ಪ ಹೇಳಿದ್ದರು: "ಓದವ್ವಾ. ಲಗ್ನ ನಾನು ಮಾಡಿದೆ. ಓದು ನೀನು ಮಾಡ್ಕೋ."

ಬೆಳಗಿನ ಬಸ್ಸಿಗೆ ದಾವಣಗೆರೆ, ಸಂಜೆಯ ಬಸ್ಸಿಗೆ ಹರಿಹರ. ದಾರಿಯುದ್ದಕ್ಕೂ ತೊಡೆಯ ಮೇಲೆ ತೆರೆದ ಪುಸ್ತಕ. ಹೀಗೆ ಕೊನೇ ವರ್ಷಕ್ಕೆ ಬಂದಿದ್ದಳು. ಈಗ ನೋಡಿದರೆ, ಕಲಿಸಲು ಬಂದವನು ಇವನು!

ತರಗತಿ ಮುಗಿದದ್ದೇ ಅವನು ಬಾಗಿಲ ಬಳಿ ಎದುರಾದ.

"ಸುಧಾ ಅವರೇ, ಒಂದು ನಿಮಿಷ ಮಾತಾಡಬೇಕಿತ್ತು..."

"ಪಾಠದ ವಿಷಯ ಇದ್ರೆ ಕ್ಲಾಸಿನಾಗೇ ಹೇಳ್ರಿ ಸರ್. ನನಗೆ ಬಸ್ ಐತೆ."

ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು.

ಆದರೆ ಒಂದು ಸಂಕಟ... ಅವನು ಚೆನ್ನಾಗಿ ಕಲಿಸುತ್ತಿದ್ದ!

"ಸಾಕ್ಷಿ ಮಾತು ಮುಗಿಸೋ ಮುಂಚೆ ಮುಂದಿನ ಪ್ರಶ್ನೆಗೆ ಹಾರಬ್ಯಾಡ್ರಿ. ಕಿವಿಗೊಟ್ಟು ಕೇಳ್ರಿ. ನಿಮಗೆ ಬೇಕಾದ್ದು ಅವರ ಉತ್ತರದಾಗೇ ಇರ್ತದೆ."

ಬೇಡ ಬೇಡವೆಂದರೂ ಸುಧಾ ಅದನ್ನೆಲ್ಲ ಬರೆದುಕೊಂಡಳು. ಬರೆದುಕೊಂಡಿದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾದಳು.

ಒಂದು ದಿನ ಅಭ್ಯಾಸದ ಹೊತ್ತಿನಲ್ಲಿ ದಿನೇಶ್ ಎಂಬ ಸಹಪಾಠಿ ಸಾಕ್ಷಿಯ ಜಾಗದಲ್ಲಿದ್ದ ಹುಡುಗಿಗೆ ಕೇಳಿದ: "ನಿಮ್ಮ ಮೇಕಪ್ ಖರ್ಚು ಯಾರು ಕೊಡ್ತಿದ್ರು ಮೇಡಂ?"

ತರಗತಿ ಗೊಳ್ಳೆಂದಿತು. ಬಕ್ಕೇಶನ ಮುಖ ಕಪ್ಪಿಟ್ಟಿತು.

"ಈ ಪ್ರಶ್ನೆಯಿಂದ ನಿಮ್ಮ ಕಕ್ಷಿದಾರನಿಗೆ ಏನು ಸಿಕ್ತು ದಿನೇಶ್?"

"ಅದು ಸರ್... ಸುಮ್ನೆ..."

"ಕೂತ್ಕೊಳ್ರಿ."

'ಈಗ ಬಂತೇನು ಬುದ್ಧಿ? ಆವತ್ತು ಎಲ್ಲಿತ್ತು?' ಎಂದು ಸುಧಾ ಒಳಗೇ ಕುದಿದಳು. ಆದರೂ ಆ ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ, ತೆರೆದ ಪುಸ್ತಕದ ಒಂದು ಪುಟವೂ ಮುಂದೆ ಹೋಗಲಿಲ್ಲ.

ಪಾತ್ರಗಳ ಹಂಚಿಕೆಯಾಯಿತು. ಹೆಂಡತಿ ಮನೆ ಬಿಟ್ಟು ಹೋದಳೆಂದು ಗಂಡ ವಿಚ್ಛೇದನ ಕೇಳುವ ಕಾಲ್ಪನಿಕ ಮೊಕದ್ದಮೆ. ಹೆಂಡತಿಯ ಪಾತ್ರ ಸುಧಾಳ ಗೆಳತಿ ಅಂಕಿತಾಳಿಗೆ. ಗಂಡನ ಪರ ವಕೀಲಿಕೆ...

"ಸುಧಾ" ಎಂದರು ಭಾಗ್ಯಲಕ್ಷ್ಮಿ ಮೇಡಂ.

ಸುಧಾ ಪೆನ್ನು ಕೆಳಗಿಟ್ಟಳು. ಗಂಡನ ಪರ! ನಾನು ಕಟಕಟೆಯ ಹೆಣ್ಣನ್ನು ಪ್ರಶ್ನಿಸಬೇಕೇ?

ಮರುದಿನ ಕ್ಯಾಂಟೀನಿನಲ್ಲಿ ಮಂಡಕ್ಕಿ ತಿನ್ನುತ್ತಾ ಅಂಕಿತಾ ಮೆಲ್ಲಗೆ ಹೇಳಿದಳು.

"ಬಕ್ಕೇಶ್ ಸರ್ ಮೇಡಂ ಹತ್ರ ಹೋಗಿ, ನಿನ್ನ ಪಾತ್ರದ ಬಗ್ಗೆ ಬ್ಯಾಡ ಅಂತ ಏನೋ ಹೇಳಿದ್ರಂತೆ. ಆಫೀಸಿನಾಗೆ ಯಾರೋ ಕೇಳಿಸ್ಕೊಂಡ್ರಂತೆ."

ಸುಧಾ ಎದ್ದೇಬಿಟ್ಟಳು.

ಲೈಬ್ರರಿಯ ಮುಂದಿನ ವರಾಂಡದಲ್ಲಿ ಅವನು ಸಿಕ್ಕ.

"ನನ್ನ ಕೈಲಿ ಆಗಲ್ಲ ಅಂತ ಹೇಳೋಕೆ ನೀವ್ಯಾರ್ರಿ?"

"ಆಗಲ್ಲ ಅಂತ ಅಲ್ಲ. ನಾನು ಹೇಳಿದ್ದು..."

"ಆವತ್ತು ನಕ್ಕ್ರಿ. ಇವತ್ತು ಕನಿಕರ ತೋರಿಸೋಕೆ ಬಂದೀರಿ. ಎರಡೂ ಬ್ಯಾಡ ನನಗೆ! ಆ ಪಾತ್ರ ನಾನೇ ಮಾಡ್ತೀನಿ."

ಬಕ್ಕೇಶ್ ಅವಳನ್ನು ನೇರವಾಗಿ ನೋಡಿದ.

"ಹೌದು, ನಕ್ಕೆ."

ಸುಧಾ ದಂಗಾದಳು. 'ನಾನಲ್ಲ', 'ನನಗೆ ನೆನಪಿಲ್ಲ' ಎನ್ನುತ್ತಾನೆಂದು ತಿಳಿದು ಅದಕ್ಕೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು.

"ಸೀನಿಯರ್ ನಕ್ಕ್ರು, ನಾನೂ ನಕ್ಕೆ. ಆಮೇಲೆ ನಿಮ್ಮ ಮುಖ ನೋಡಿದೆ. ಮೊದಲನೇ ದಿನಾನೇ ತಪ್ಪಾತು ಅಂತ ಹೇಳೋಕೆ ಬಂದಿದ್ದೆ. ಈಗ ಹೇಳ್ತೀನಿ. ತಪ್ಪಾತು ಸುಧಾ ಅವರೇ."

ಅವಳು ನೇರ ಮೇಡಂ ಬಳಿ ಹೋಗಿ, ಪಾತ್ರ ತಾನೇ ಮಾಡುತ್ತೇನೆಂದು ಹೇಳಿ ಹೊರಟುಬಿಟ್ಟಳು. ಬಸ್ಸಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಷ್ಟು ವರ್ಷದಲ್ಲಿ ಆ ಕೋರ್ಟಿನಲ್ಲಿದ್ದವರ ಪೈಕಿ ತಪ್ಪಾಯಿತು ಎಂದವನು ಇವನೊಬ್ಬನೇ...

ಅಣಕು ವಿಚಾರಣೆಯ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ನ್ಯಾಯಾಧೀಶರ ಕುರ್ಚಿಯಲ್ಲಿ ಭಾಗ್ಯಲಕ್ಷ್ಮಿ ಮೇಡಂ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಬಕ್ಕೇಶ್.

ಸುಧಾ ಎದ್ದು ನಿಂತಳು. ಬಿಳಿ ಸೀರೆ, ಕರಿಕೋಟು.

"ಗಂಡನ ಮನೆ ಬಿಟ್ಟ ಮೇಲೆ ನೀವು ಎಲ್ಲಿದ್ರಿ?"

"ತವರಿನಾಗೆ" ಎಂದಳು ಸಾಕ್ಷಿಯಾದ ಅಂಕಿತಾ.

"ನಿಮ್ಮ ಗಂಡ ಅಲ್ಲಿಗೆ ಬಂದಿದ್ರಾ?"

"ಹ್ಞೂಂ, ಬಂದಿದ್ರು."

"ಜಗಳ ಮಾಡಿದ್ರಾ?"

"ಇಲ್ಲ. ಅಣ್ಣನ ಜೊತೆ ಮಾತಾಡಿ ಹೋದ್ರು. ನಾನು ಹೊರಗೆ ಬರಲಿಲ್ಲ." ಅಂಕಿತಾ ಪಾತ್ರದಲ್ಲೇ ಮುಳುಗಿಹೋಗಿದ್ದಳು. ಅಭ್ಯಾಸದಲ್ಲಿ ಇಲ್ಲದ ಮಾತೊಂದನ್ನು ಸೇರಿಸಿಬಿಟ್ಟಳು. "ಯಾಕ ಬರಬೇಕಿತ್ತು? ನಾನು ಕೆಲಸ ಮುಗಿಸಿ ತಡವಾಗಿ ಬಂದ್ರೆ ಅನುಮಾನ ಪಡ್ತಿದ್ರು!"

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಸುಧಾಳ ನಾಲಿಗೆಯ ತುದಿಗೆ ಆ ಪ್ರಶ್ನೆ ಬಂದು ಕೂತಿತ್ತು.

'ಮನೆತನಕ ಬಿಡೋಕೆ ಯಾರು ಬರ್ತಿದ್ರು?'

ಎಷ್ಟು ಸುಲಭ! ಒಂದು ಮಾತು ಅಂದರೆ ಸಾಕು, ಎಲ್ಲರೂ ನಗುತ್ತಾರೆ, ಸಾಕ್ಷಿ ಕುಸಿಯುತ್ತಾಳೆ, ತಾನು ಗೆಲ್ಲುತ್ತಾಳೆ. ಆ ವಕೀಲರಿಗೂ ಅಂದು ಹೀಗೇ ಅನಿಸಿತ್ತೇ? ಸಾಕ್ಷಿಯ ಜಾಗದಲ್ಲಿ ಅಂಕಿತಾಳ ಬದಲು ತನ್ನದೇ ಒಣಗಿದ ಮುಖ ಕಂಡಂತಾಯಿತು.

ಸುಧಾ ಅಂಕಿತಾಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಅನುಮಾನ ಪಡ್ತಿದ್ರು ಅಂದ್ರಿ. ಅದು ನೋವಿನ ಮಾತೇ. ಅದನ್ನ ನಾನು ಕೆದಕೋದಿಲ್ಲ" ಎಂದಳು, ಸ್ಪಷ್ಟವಾಗಿ. "ನನ್ನ ಪ್ರಶ್ನೆ ಇಷ್ಟೇ. ವಾಪಸ್ ಬರೋಕೆ ಏನು ಬದಲಾಗಬೇಕು ಅಂತ ನೀವು ಅವರಿಗೆ ಯಾವಾಗಾದರೂ ಹೇಳಿದ್ರಾ?"

ಅಂಕಿತಾ ತಡವರಿಸಿದಳು. "ಇಲ್ಲ... ಹೇಳಲಿಲ್ಲ."

"ಅವರು ಬಂದಾಗ ಮಾತಾಡೋ ಅವಕಾಶ ಇತ್ತಲ್ಲ?"

"ಇತ್ತು."

"ನನ್ನ ಪ್ರಶ್ನೆಗಳು ಮುಗಿದವು."

ಚಪ್ಪಾಳೆ ಹಿಂದಿನ ಸಾಲಿನಿಂದ ಶುರುವಾಯಿತು. ಸುಧಾ ಅತ್ತ ನೋಡಿದಾಗ ಬಕ್ಕೇಶ್ ಚಪ್ಪಾಳೆ ತಟ್ಟುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ.

ಅಂದು ತೀರ್ಪು ಹೆಂಡತಿಯ ಪರವಾಗಿಯೇ ಬಂತು. ಆದರೆ ಪಾಟೀಸವಾಲಿನ ಬಹುಮಾನ ಸುಧಾಳಿಗೆ.

ಕೋಟು ಬಿಚ್ಚಿಡುತ್ತಿದ್ದವಳ ಬಳಿಗೆ ಭಾಗ್ಯಲಕ್ಷ್ಮಿ ಮೇಡಂ ಬಂದರು.

"ಒಂದು ಮಾತಮ್ಮಾ. ನಿನ್ನ ಪಾತ್ರ ಕಿತ್ಕೊಳ್ರಿ ಅಂತ ಬಕ್ಕೇಶ್ ಹೇಳಿರಲಿಲ್ಲ. 'ಅವರನ್ನ ಕೇಳದೆ ಆ ಪಾತ್ರ ಕೊಡೋದು ಬ್ಯಾಡ' ಅಂದಿದ್ದ. ಅಷ್ಟರಾಗೆ ನೀನೇ ಬಂದು ಮಾಡ್ತೀನಿ ಅಂದಿ. ಇನ್ನೊಂದು... ನಿನ್ನ ಕೇಸಿನ ವಿಷಯ ಅವನು ಹೇಳೋತನಕ ನನಗೆ ಗೊತ್ತಿರಲಿಲ್ಲ. ಅದು ಆದ ಮೇಲೆ ಅವನು ಆ ಸೀನಿಯರ್ ಆಫೀಸಿಗೆ ಮತ್ತೆ ಹೋಗಲೇ ಇಲ್ಲ. ಮಂಡಿಪೇಟೆಯಾಗೆ ಅವರಪ್ಪನ ಕಾಳಿನ ಅಂಗಡಿ ಐತಲ್ಲ, ಎಷ್ಟೋ ದಿನ ಅಲ್ಲೇ ಕೂತಿದ್ದ. ವಕೀಲಿಕೇನೇ ಬ್ಯಾಡ ಅಂತಿದ್ದ."

ಸುಧಾ ಓಡಿದಳು. ಹೊಂಗೆಮರದ ಕೆಳಗೆ ಅವನು ಬೈಕು ತೆಗೆಯುತ್ತಿದ್ದ.

"ಆಫೀಸು ಬಿಟ್ಟಿದ್ದು ನನಗೆ ಯಾಕ ಹೇಳಲಿಲ್ರಿ?"

"ಅದನ್ನೂ ಹೇಳಿದ್ರೆ, ನನ್ನ ಕ್ಷಮಿಸಲೇಬೇಕು ಅಂತ ನಿಮ್ಮ ಕೊರಳಿಗೆ ಬಿದ್ದಂಗೆ ಆಗ್ತಿತ್ತು."

ಅವಳು ಏದುಸಿರು ಬಿಡುತ್ತಾ ನಿಂತಳು. ಬೈಯಬೇಕೆನಿಸಿತು, ನಗಬೇಕೆನಿಸಿತು...

"ಚಾ ಕುಡಿಯೋಣ ಬರ್ರಿ" ಎಂದಳು ಕೊನೆಗೆ.

ಆಮೇಲೆ ಚಹಾಕ್ಕೆ ನೆಪಗಳು ತಾವಾಗಿಯೇ ಹುಟ್ಟಿದವು. ಸಾಕ್ಷ್ಯ ಕಾಯ್ದೆಯ ಒಂದು ಕಲಂ, ಹೊಸದೊಂದು ತೀರ್ಪು, ಪರೀಕ್ಷೆಯ ಭಯ. ಕೊನೇ ಪರೀಕ್ಷೆ ಬರೆದು ಹೊರಬಂದಾಗ ಗೇಟಿನಲ್ಲಿ ನಿಂತಿದ್ದವನನ್ನು ಕಂಡು ಅವಳ ಮನಸ್ಸು ಹೇಳಿತು, 'ಇವನು ನಿಂತಿರದಿದ್ದರೆ ಈ ದಿನ ಪೂರ್ತಿ ಆಗ್ತಿರಲಿಲ್ಲ.' ಆ ಮಾತಿಗೆ ತಾನೇ ಹೆದರಿದಳು.

ಫಲಿತಾಂಶ ಬಂದ ಮೇಲಿನ ಒಂದು ಭಾನುವಾರ ಬೆಳಗ್ಗೆ ಬಕ್ಕೇಶ್ ಹರಿಹರದ ಸುಧಾಳ ಮನೆಗೆ ಬಂದ. ಬಂಗಾರಪ್ಪ ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ಸುಧಾ ಒಳಗೆ ಚಹಾ ಕುದಿಸುತ್ತಾ ಕಿವಿಯನ್ನೆಲ್ಲ ಹೊರಗಿಟ್ಟಿದ್ದಳು.

"ಕೂಡ್ರಿ" ಎಂದರು ಬಂಗಾರಪ್ಪ.

ಅವನು ಕೂರಲಿಲ್ಲ. "ನಿಮ್ಮ ಮಗಳನ್ನ ಮದುವೆ ಆಗಬೇಕು ಅಂತ ಆಸೆ ಐತ್ರಿ. ನಿಮ್ಮ ಒಪ್ಪಿಗೆ ಕೇಳೋಕೆ ಬಂದೆ."

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಬಂಗಾರಪ್ಪ ಪೇಪರ್ ಮಡಚಿದರು. ಅವರ ದನಿ ಭಾರವಾಗಿತ್ತು.

"ನನ್ನ ಕೇಳಬ್ಯಾಡಪ್ಪಾ. ಹಿಂದೆ ಒಂದು ಸಲ ಬಂದವರು ನನ್ನೇ ಕೇಳಿದ್ರು, ನಾನೇ ಹ್ಞೂಂ ಅಂದೆ. ಆಕೀನ ಯಾರೂ ಕೇಳಲಿಲ್ಲ. ಆಕಿ ಒಳಗದಾಳೆ. ಹೋಗಿ ಆಕೀನ ಕೇಳು."

ಸುಧಾಳ ಕಣ್ಣು ತುಂಬಿ ಬಂತು. 'ಅಪ್ಪಾ...'

ಬಕ್ಕೇಶ್ ಅಡುಗೆಮನೆಯ ಬಾಗಿಲಲ್ಲೇ ನಿಂತ. ಹೊಸ್ತಿಲು ದಾಟಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು." ಅವಳು ಬೆನ್ನು ತಿರುಗಿಸಿಯೇ ನಿಂತಿದ್ದಳು. "ನಿಮ್ಮ ಮನೆಯಾಗೆ ಏನಂದ್ರು? ನಾವು ನಿಮ್ಮ ಜನ ಅಲ್ಲ. ಮೇಲಾಗಿ ನಾನು ಒಂದು ಸಲ ಮದುವೆ ಆದವಳು."

"ಅಪ್ಪ ಇನ್ನೂ ಮುಖ ಕೊಟ್ಟು ಮಾತಾಡಿಲ್ಲ. ಮಾತಾಡ್ತಾರೆ, ನಾನು ಕಾಯ್ತೀನಿ. ಅವ್ವ ಮಾತ್ರ 'ಹುಡುಗಿ ಏನು ಓದೇತಿ' ಅಂದ್ಲು. ನನ್ನಷ್ಟೇ ಅಂದೆ. 'ಹಂಗಾದ್ರೆ ನಿನ್ನ ಬಾಯಿಗೆ ಸರಿಹೋಗ್ತಾಳೆ, ಕರ್ಕೊಂಡು ಬಾ' ಅಂದ್ಲು."

ಸುಧಾಳಿಗೆ ಅಳುವಿನ ನಡುವೆಯೇ ನಗು ಬಂತು. ಕಣ್ಣೊರೆಸಿಕೊಂಡು ತಿರುಗಿದಳು.

"ನಾನು ಕೋರ್ಟಿಗೆ ಹೋಗ್ತೀನಿ. ನಿಮ್ಮ ಆಫೀಸಿಗಲ್ಲ, ಬೇರೆ ಕಡೆ. ನನ್ನ ಹೆಸರಿನಾಗೆ."

"ಗೊತ್ತೈತೆ. ಅದಕ್ಕೇ ಹೆದರಿಕೆ, ಎದುರಿಗೆ ಬಂದ್ರೆ ನನ್ನ ಗತಿ ಏನು ಅಂತ."

"ತಮಾಷೆ ಬ್ಯಾಡ. ಇನ್ನೊಂದು ಐತೆ." ಅವಳ ದನಿ ಇಳಿಯಿತು. "ಆ ದಿನ... ನನಗೆ ಒಮ್ಮೊಮ್ಮೆ ಈಗಲೂ ನೆನಪಾಗತೈತೆ. ಮುಂದೂ ಆಗತೈತೆ. ಆವಾಗ ನಾನು ಜಗಳ ಆಡ್ತೀನಿ."

"ಆಡ್ರಿ."

"ಜೋರಾಗಿ ಆಡ್ತೀನಿ!"

"ಬೀದಿಗೆಲ್ಲ ಕೇಳಂಗೆ ಆಡ್ರಿ. ನಾನು ಎಲ್ಲೂ ಹೋಗಂಗಿಲ್ಲ."

ಅವಳು ಅವನನ್ನೇ ನೋಡಿದಳು. ಕೈ ಮಾತ್ರ ಉಕ್ಕಿದ ಚಹಾ ಒರೆಸುತ್ತಿತ್ತು.

"ಹಂಗಾದ್ರೆ ಅಲ್ಲೇ ಯಾಕ ನಿಂತೀರಿ? ಒಳಗೆ ಬರ್ರಿ. ಚಾ ಎಲ್ಲಾ ಚೆಲ್ಲೇತೆ, ಮತ್ತೆ ಇಡಬೇಕು. ಆ ಸಕ್ಕರೆ ಡಬ್ಬಿ ಕೊಡ್ರಿ ಇಲ್ಲಿ."

"ಇದು ಒಪ್ಪಿಗೆನಾ?" ಎಂದ ಬಕ್ಕೇಶ್, ನಂಬಲಾಗದೆ.

"ಹ್ಞೂಂ" ಎಂದಳು ಸುಧಾ. ಆಮೇಲೆ ಹೊರಗೆ ಅಂಗಳದಲ್ಲಿದ್ದ ಅಪ್ಪನಿಗೂ ಕೇಳಲೆಂದು ದನಿಯೆತ್ತಿ ಹೇಳಿದಳು, "ಹ್ಞೂಂ ಅಂದೆ!"