ಮೂರು ಮೆಟ್ಟಿಲಿನ ಕಂದಕ

ಮಂಗಳವಾರ ಬೆಳಿಗ್ಗೆ 7.10ಕ್ಕೆ ಸೈಟ್ ಎಂಜಿನಿಯರ್ ಏದುಸಿರು ಬಿಡುತ್ತ ಠಾಣೆಗೆ ಬಂದ. ಪೈಪ್ ಹೂಳಲು ಅಗೆಸಿದ್ದ ಕಂದಕದ ಒಂದು ಬದಿಯನ್ನು ರಾತ್ರಿ ಯಾರೋ ಸೈಟಿನದೇ ಅಗೆಯುವ ಯಂತ್ರ ಓಡಿಸಿ ಕೆತ್ತಿಹಾಕಿದ್ದರು. ಪಕ್ಕದ ಗೋದಾಮಿನ ಕಾಂಪೌಂಡ್ ಗೋಡೆ ಮೂವತ್ತು ಅಡಿ ಉದ್ದಕ್ಕೆ ಉರುಳಿತ್ತು. ಎಂಟಕ್ಕೆ ಎಫ್‌ಐಆರ್ ದಾಖಲಾಯಿತು.

ಕಾನ್‌ಸ್ಟೇಬಲ್ ಸ್ಥಳದಲ್ಲೇ ಪಂಚನಾಮೆ ಬರೆಯತೊಡಗಿದ. ಆಳ ಹನ್ನೆರಡು ಅಡಿ. ಎದುರು ಬದಿ ಗಟ್ಟಿ ಬಂಡೆ. ಮಣ್ಣಿನ ಬದಿಯಲ್ಲಿ ಮೇಲಿಂದ ಕೆಳಗೆ ಮೂರು ಅಗಲ ಮೆಟ್ಟಿಲು. ಮೆಟ್ಟಿಲು ಮುಗಿದ ಕಡೆ, ಇನ್ನೂ ಮುಟ್ಟದ ಮಣ್ಣಿನಲ್ಲಿ ಅಂಗೈ ತೂರುವಷ್ಟು ಬಿರುಕು.

"ಸಾರ್, ಹಾಳು ಮಾಡೋಕೆ ಬಂದೋನು ಇಷ್ಟು ಚೆಂದಕ್ಕೆ ಕೆತ್ತುತಾನಾ?"

ಇನ್‌ಸ್ಪೆಕ್ಟರ್ ಯಂತ್ರದ ಸುತ್ತ ಒಂದು ಸುತ್ತು ಬಂದರು. ಯಂತ್ರದ ಬಕೆಟ್ ನೆಲಕ್ಕೆ ಸಮನಾಗಿ ಕೂತಿತ್ತು. ಅದರ ಹಲ್ಲಿಗೆ ಅಂಟಿದ ಮಣ್ಣನ್ನೂ ಕೆರೆದು ಹೋಗಿದ್ದ, ಪುಣ್ಯಾತ್ಮ! ಬೀಗ ಒಡೆದಿರಲಿಲ್ಲ. ಅವರು ಸೈಟಿನ ಆಪರೇಟರನ್ನು ಕರೆಸಿದರು.

"ಕೀ ಯಾರ ಹತ್ರ ಇತ್ತು?"

"ನನ್ನ ಜೇಬಲ್ಲೇ ಸಾರ್. ಆದ್ರೆ ಈ ಕಂಪನಿ ಗಾಡಿಗಳಿಗೆಲ್ಲ ಒಂದೇ ಕೀ. ಈ ಕಸುಬಿನೋರ ಮನೇಲೆಲ್ಲ ಒಂದೊಂದು ಬಿದ್ದಿರುತ್ತೆ."

"ಇದು ಯಾರ ಕೈಕೆಲಸ?"

"ಗೊತ್ತಿಲ್ಲ."

"ನನ್ನ ಮುಖ ನೋಡಿ ಹೇಳು."

ಅವನ ಕಣ್ಣು ತುಂಬಿಕೊಂಡಿತು. "ಮೇಷ್ಟ್ರದ್ದು ಸಾರ್. ನಮಗೆಲ್ಲ ಗಾಡಿ ಕಲಿಸಿದೋರು, ಅದಕ್ಕೇ ಹಂಗೆ ಕರೀತೀವಿ. ಎರಡು ವರ್ಷದ ಹಿಂದೆ ಅವರು ಅಗೆದ ಕಂದಕ ಕುಸಿದು ಅವರ ತಮ್ಮನೇ ಸತ್ತ. ಆವತ್ತಿಂದ ಗಾಡಿ ಲಿವರ್ ಮುಟ್ಟಿರಲಿಲ್ಲ."

11.30ಕ್ಕೆ ಜೀಪು ಆ ಒಂಟಿ ಕೋಣೆಯ ಮನೆ ಮುಂದೆ ನಿಂತಿತು. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊಸ್ತಿಲಲ್ಲಿ ಕೂತಿದ್ದರು. ಕೇಳುವ ಮೊದಲೇ ಕೀ ಕೊಟ್ಟರು.

"ಗೋಡೆ ಬೀಳುತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅದರ ಭಾರಕ್ಕೇ ಮಣ್ಣು ಬಿರುಕು ಬಿಟ್ಟಿದ್ದು. ಮೆಟ್ಟಿಲು ಹೊಡೆದ್ರೆ ಮಣ್ಣು ಕುಸಿಯಲ್ಲ. ನಿನ್ನೆ ದಾರೀಲಿ ಹೋಗ್ತಾ ನೋಡಿ ಎಂಜಿನಿಯರಿಗೆ ಹೇಳ್ದೆ. ನಿನ್ನ ಕೆಲಸ ನೀನು ನೋಡ್ಕೋ ಅಂದ."

"ನಮಗೆ ಹೇಳಬಹುದಿತ್ತು."

"ಇವತ್ತು ಎಂಟಕ್ಕೆಲ್ಲ ಅವಳು ಕಂದಕಕ್ಕೆ ಇಳೀತಿದ್ಲು ಸಾರ್."

"ಯಾರು?"

"ತಮ್ಮನ ಹೆಂಡ್ತಿ. ಅವನು ಹೋದಮೇಲೆ ಪೈಪ್ ಜೋಡಿಸೋ ಕೆಲಸಕ್ಕೆ ಸೇರಿದಾಳೆ."

"ಇಳೀಬೇಡ ಅಂತ ಅವಳಿಗೇ ಹೇಳೋದಲ್ವಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಮೆಟ್ಟಿಲು ಹೊಡಿ ಅಣ್ಣ, ಭಯ ಆಗ್ತಿದೆ ಅಂದಿದ್ದ ನನ್ನ ತಮ್ಮ. ಟೈಮಿಲ್ಲ, ಸುಮ್ನೆ ಇಳಿಯೋ ಅಂದೆ. ನಾನೇ ಅಂದೆ ಸಾರ್." ಮೇಷ್ಟ್ರು ಬಿಕ್ಕಿ ಬಿಕ್ಕಿ ಅತ್ತರು.

12.40ಕ್ಕೆ ದಸ್ತಗಿರಿ ಆಯಿತು. ಕಂದಕಕ್ಕೆ ಯಾರನ್ನೂ ಇಳಿಸಕೂಡದೆಂದು ಎಂಜಿನಿಯರ್‌ಗೂ ನೋಟಿಸ್ ಹೋಯಿತು.

ಎರಡು ಗಂಟೆಗೆ ಕಾಲಿಗೆ ಮಣ್ಣು ಮೆತ್ತಿಕೊಂಡ ಹೆಂಗಸೊಬ್ಬಳು ಊಟದ ಡಬ್ಬಿ ಹಿಡಿದು ಠಾಣೆಗೆ ಬಂದಳು.

"ನೀನು ಅವರಿಗೆ ಏನಾಗ್ಬೇಕಮ್ಮ?"

"ನನ್ನ ಗಂಡನ ಅಣ್ಣ. ಎರಡು ವರ್ಷದಿಂದ ಮಾತಿಲ್ಲ ಸಾರ್."

ಇನ್‌ಸ್ಪೆಕ್ಟರ್ ಒಳಗೆ ಬಿಟ್ಟರು. ಅವಳು ಮೇಷ್ಟ್ರ ಎದುರು ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಅವರು ತಲೆ ಎತ್ತಲಿಲ್ಲ.

"ನನ್ನ ಕೋಪ ಹೋಗಿಲ್ಲ ಬಾವ. ಹೋಗೋದೂ ಇಲ್ಲ," ಎಂದಳು. "ಊಟ ಮಾಡಿ."

ಆರೋಪಿ ಊಟ ಮಾಡಿದರು, ಸಮಯ 2.25, ಎಂದು ಕಾನ್‌ಸ್ಟೇಬಲ್ ಠಾಣಾ ದಿನಚರಿಯಲ್ಲಿ ಬರೆದ.