ಒಂದು ತಪ್ಪೂ ಇಲ್ಲದ ಮುಖ

ಅವಳು ನನ್ನೊಡನೆ ಆಡಿದ ಮೊದಲ ಮಾತೇ ನನ್ನ ತಪ್ಪಿನ ಬಗ್ಗೆ.

“ಈ ಫೋಟೋದಲ್ಲಿ ತಾತನ ಎಡಗಣ್ಣಿನ ಕೆಳಗೆ ಪೆನ್ಸಿಲ್ ಗೆರೆ ಉಳಿದುಬಿಟ್ಟಿದೆ, ನೋಡಿದ್ರಾ?”

ನೋಡಿದ್ದೆ. ಹಿಂದಿನ ದಿನದಿಂದ ಆ ಗೆರೆ ನನ್ನ ಊಟ ನಿದ್ದೆ ಕೆಡಿಸಿತ್ತು. ಸ್ಟುಡಿಯೋದಲ್ಲಿ ನನ್ನದು ನೆಗೆಟಿವ್ ತಿದ್ದುವ ಕೆಲಸ. ಗಾಜಿನ ಮೇಜು, ಅದರ ಕೆಳಗೊಂದು ದೀಪ, ಕೈಯಲ್ಲಿ ಸೂಜಿಯಂತೆ ಹೆರೆದ ಪೆನ್ಸಿಲ್. ಜನರ ಮುಖದ ಕಲೆ, ಸುಕ್ಕುಗಳನ್ನು ಚುಕ್ಕೆ ಚುಕ್ಕೆಯಾಗಿ ಮುಚ್ಚುತ್ತಿದ್ದೆ. ಹನ್ನೊಂದು ವರ್ಷ ನನ್ನ ಕೆಲಸದ ದೋಷಗಳು ನನ್ನೊಬ್ಬನಿಗೇ ಕಂಡಿದ್ದವು. ಅಂದು ಇನ್ನೊಬ್ಬರ ಕಣ್ಣಿಗೂ ಬಿದ್ದವು. ಮನಸ್ಸು ಅವಳತ್ತ ವಾಲಿದ್ದು ಆ ಗಳಿಗೆಯಲ್ಲೇ.

ಪ್ರಿಂಟ್‌ಗಳ ಅಂಚು ಕತ್ತರಿಸಿ ರಟ್ಟಿಗೆ ಅಂಟಿಸುವುದು ಅವಳ ಕೆಲಸ. ನಾನು ಅವಳನ್ನು ಕತ್ತರಿ ಎಂದೆ. ಅವಳು ನನ್ನನ್ನು ಭೂತಗನ್ನಡಿ ಎಂದಳು. ಅವಳ ಎಡಗೆನ್ನೆಯಿಂದ ಕತ್ತಿನವರೆಗೆ ಸುಟ್ಟ ಕಲೆಯೊಂದಿತ್ತು, ಎಳೆತನದಲ್ಲಿ ಬಿಸಿನೀರು ಬಿದ್ದದ್ದು. ನಕ್ಕಾಗ ಅದು ತುಸು ಮೇಲೇರಿ ಕಿವಿಯ ಹತ್ತಿರ ಮಡಿಸಿಕೊಳ್ಳುತ್ತಿತ್ತು.

“ಏನು ಹಾಗೆ ನೋಡ್ತೀರಿ? ತಿದ್ದೋಕೆ ಎಷ್ಟು ದಿನ ಬೇಕು ಅಂತಾನಾ?”

“ಇಲ್ಲಮ್ಮ.”

“ಸುಳ್ಳು ಹೇಳೋಕೆ ಬರಲ್ಲ ನಿಮಗೆ. ಕಿವಿ ಕೆಂಪಾಗುತ್ತೆ.”

ಎರಡು ವರ್ಷ ಹೀಗೆ ನಡೆಯಿತು. ಮದುವೆಯ ಮಾತನ್ನು ನಾನಿನ್ನೂ ಎತ್ತಿರಲಿಲ್ಲ. ಅಷ್ಟರಲ್ಲಿ ಅವಳ ಅಣ್ಣ ದೂರದಲ್ಲೊಂದು ಗಂಡು ನೋಡಿದ. ಅವರು ಮೊದಲು ಫೋಟೋ ಕೇಳಿದರು. ನಮ್ಮಲ್ಲೇ ತೆಗೆದದ್ದು, ನೆಗೆಟಿವ್ ನಾನೇ ತೊಳೆದೆ.

“ಕೇಳಿಲ್ಲಿ, ಭೂತಗನ್ನಡಿ,” ಎಂದಳು ದನಿ ತಗ್ಗಿಸಿ. “ಇದನ್ನ ಮಾತ್ರ ಮುಟ್ಟಬೇಡಿ. ಕಲೆ ಇದ್ದ ಹಾಗೇ ಹೋಗಲಿ. ಅವರು ಬೇಡ ಅಂತಾರೆ, ಹಿಂದೆ ಇಬ್ಬರು ಅಂದಿದ್ದಾರೆ. ಅಣ್ಣನ ಹಟ ಇಳಿಯುತ್ತೆ. ಆಗ ನೀವು ಬಂದು ಕೇಳಿ.”

“ಏನಂತ ಕೇಳಲಿ?”

“ಅಯ್ಯೋ, ಅದನ್ನೂ ನಾನೇ ಹೇಳಿಕೊಡಬೇಕಾ?”

ಮುಟ್ಟುವುದಿಲ್ಲವೆಂದು ದೇವರ ಮೇಲೆ ಆಣೆಯಿಟ್ಟೆ.

ಆದರೆ ಕಲೆಯ ಅಂಚಿನಲ್ಲೊಂದು ಧೂಳಿನ ಕಣ ಕೂತಿತ್ತು. ಅದು ಅವಳದ್ದಲ್ಲ, ನನ್ನದು. ತೊಳೆಯುವಾಗ ಎಚ್ಚರ ತಪ್ಪಿದ್ದೆ. ಅದೊಂದನ್ನು ಮುಚ್ಚಿದೆ. ಮುಚ್ಚಿದ ಜಾಗ ಪಕ್ಕದ್ದಕ್ಕಿಂತ ತಿಳಿಯಾಯಿತು. ಪಕ್ಕದ್ದನ್ನು ಸರಿಮಾಡಿದೆ. ಅದರಾಚೆಯದು ಕಪ್ಪೆನಿಸಿತು. ತಲೆ ಎತ್ತಿದಾಗ ಮಧ್ಯಾಹ್ನ ಕಳೆದಿತ್ತು. ಕಲೆ ಇರಲಿಲ್ಲ.

ಪ್ರಿಂಟ್ ತೆಗೆದು, ಮಸೂರ ಹಿಡಿದು ಇಂಚಿಂಚು ಹುಡುಕಿದೆ. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಕೆಲಸದಲ್ಲಿ ನನಗೇ ತಪ್ಪು ಸಿಗಲಿಲ್ಲ.

ಅವಳು ಬಂದಳು. ಬಹಳ ಹೊತ್ತು ನೋಡಿದಳು.

“ತಪ್ಪು ಹುಡುಕ್ತಿದ್ದೀನಿ,” ಎಂದಳು. “ಸಿಗ್ತಾ ಇಲ್ಲ.”

ಹೇಳಲು ನಾಚಿಕೆಯಾಗುತ್ತದೆ, ನನಗೆ ಹೆಮ್ಮೆಯಾಯಿತು.

“ಟರ್ಪೆಂಟೈನ್ ಹಾಕಿ ಒರೆಸಿದರೆ ಪೆನ್ಸಿಲ್ ಪೂರ್ತಿ ಹೋಗುತ್ತೆ, ನೀವೇ ಹೇಳಿದ್ದು. ಅಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ಬೇಗ ಒರೆಸಿ, ಇನ್ನೊಂದು ಪ್ರಿಂಟ್ ತೆಗೀರಿ.”

ಹತ್ತಿಯನ್ನು ಅದ್ದಿದೆ. ನೆಗೆಟಿವ್‌ನ ಹತ್ತಿರದವರೆಗೆ ತಂದೆ. ಕೈ ಅಲ್ಲೇ ನಿಂತಿತು.

“ಇಂಥ ಕೆಲಸ ಇನ್ನೊಂದು ಸಲ ನನ್ನ ಕೈಯಲ್ಲಿ ಆಗಲ್ಲ,” ಎಂದೆ.

ಅವಳ ಮುಖದಲ್ಲಿನ್ನೂ ನಗೆಯಿತ್ತು, ನೋಡನೋಡುತ್ತ ಆರಿತು. “ಸರಿ ಬಿಡಿ,” ಎಂದಳು. ಪ್ರಿಂಟನ್ನು ಎಳೆದುಕೊಂಡು ನಾಲ್ಕೂ ಅಂಚು ಕತ್ತರಿಸಿದಳು, ಕೂದಲೆಳೆಯಷ್ಟೂ ಸೊಟ್ಟಗಾಗದಂತೆ. ರಟ್ಟಿಗೆ ಅಂಟಿಸಿ, ಹೊರಗೆ ಹೋಗಿ ಅಣ್ಣನ ಕೈಗೆ ಕೊಟ್ಟಳು. ಎದ್ದು ಹಿಂದೆ ಹೋಗಬಹುದಿತ್ತು. ನಾನು ಮೇಜಿನ ಮೇಲಿದ್ದ ಆ ನೆಗೆಟಿವನ್ನೇ ನೋಡುತ್ತ ಕೂತಿದ್ದೆ.

ಹತ್ತು ದಿನದಲ್ಲಿ ಒಪ್ಪಿಗೆಯ ಪತ್ರ ಬಂತು.

ಕೆಲಸ ಬಿಡುವ ದಿನ ನನ್ನ ಮೇಜಿನ ಮುಂದೆ ನಿಂತಳು.

“ಒಂದು ಮಾತು ಹೇಳಿ. ನನ್ನ ಮುಖ, ಈಗ ಎದುರಿಗಿದೆಯಲ್ಲ, ಇದು ಯಾವತ್ತಾದರೂ ಇಷ್ಟೇ ಸಾಕು ಅನ್ನಿಸಿತ್ತಾ ನಿಮಗೆ?”

ಅನ್ನಿಸಿತ್ತು. ದಿನವೂ ಅನ್ನಿಸಿತ್ತು. ಬರೀ ಹೌದು ಎಂದರೆ ಸಾಲದು, ಅವಳಿಗೆ ತಕ್ಕ ಮಾತಾಗಬೇಕು ಎನಿಸಿತು. ಒಂದು ವಾಕ್ಯ ಕಟ್ಟಿದೆ. ಒಂದು ಪದ ಒರಟಾಗಿ ಕಂಡಿತು. ಬದಲಿಸಿದೆ.

“ಗೊತ್ತಾಯ್ತು,” ಎಂದಳು. “ಇಷ್ಟು ಯೋಚನೆ ಮಾಡಬೇಕಾಯ್ತಲ್ಲ.”

ಬಾಗಿಲು ಮುಚ್ಚಿದ ಮೇಲೆ ವಾಕ್ಯ ಸಿದ್ಧವಾಯಿತು.

ಮದುವೆಯ ದಿನ ಕಲೆ ಕಂಡು ಗಂಡಿನ ಕಡೆಯವರು ಗುಲ್ಲೆಬ್ಬಿಸಿದರು. ಅಣ್ಣ ಕೈಮುಗಿದು ಬೇಡಿದ ಮೇಲೆ ಮದುವೆ ನಡೆಯಿತು. ಅತ್ತೆ ಆ ಫೋಟೋವನ್ನು ಗೋಡೆಯಿಂದ ಇಳಿಸಲೇ ಇಲ್ಲವಂತೆ. “ನಾವು ಒಪ್ಪಿದ್ದು ಇವಳನ್ನ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳಂತೆ.

ಹೋದ ತಿಂಗಳು ನನ್ನ ಕತ್ತರಿ ತೀರಿಕೊಂಡಳು. ಅಂದಿನಿಂದ ಪ್ರಾರ್ಥನೆಗೆ ಕೂತಾಗಲೆಲ್ಲ ಅಂದು ಅವಳಿಗೆ ಹೇಳದ ಆ ಉತ್ತರವನ್ನು ದೇವರಿಗಾದರೂ ಹೇಳೋಣವೆಂದು ತೊಡಗುತ್ತೇನೆ. ಅರ್ಧಕ್ಕೆ ಬಂದಾಗ ಯಾವುದೋ ಪದ ಸರಿಯೆನಿಸುವುದಿಲ್ಲ, ಮತ್ತೆ ಮೊದಲಿನಿಂದ. ಅವನು ಅವಸರಪಡಿಸುವುದಿಲ್ಲ, ಎದ್ದು ಹೋಗುವುದೂ ಇಲ್ಲ. ನನ್ನಂಥವನಿಗೆ ಇಷ್ಟು ತಕ್ಕ ಶಿಕ್ಷೆ ಅವನಿಗಲ್ಲದೆ ಇನ್ನಾರಿಗೆ ಹೊಳೆದೀತು.